ಕೊನೆಯವರೆಗೆ ಕೇಳದ ಸಿಡಿ

ಜನವಾಡ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು, ಬಸ್ಸು ನಿಧಾನವಾಯಿತು. ಕಿಟಕಿಯ ಆಚೆ ಜೋಳದ ಹೊಲ. ಹಕ್ಕಿಗಳನ್ನು ಬೆದರಿಸಲು ಹೊಲದವರು ನಾಲ್ಕೂ ಕಡೆ ಗೂಟ ನೆಟ್ಟು, ಹುರಿ ಕಟ್ಟಿ, ಹಳೆಯ ಸಿಡಿಗಳನ್ನು ತೂಗಿಬಿಟ್ಟಿದ್ದರು. ಗಾಳಿಗೆ ಅವು ತಿರುಗಿದಾಗಲೆಲ್ಲ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಒಂದರ ಮೇಲೆ ನೀಲಿ ಪೆನ್ನಿನಲ್ಲಿ ಏನೋ ಬರೆದಂತೆ ಕಂಡಿತು. ಓದುವಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಟ್ಟಿತು... ಆದರೆ ನಾನು ಕಿಟಕಿಯ ಸರಳು ಹಿಡಿದು ಹಿಂದಕ್ಕೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಯಾಕ್ರಿ ಅಕ್ಕಾ, ಆರಾಮಿಲ್ಲೇನು?" ಅಂತ ಕೇಳಿದಳು. ಏನೂ ಇಲ್ಲ ಅಂದೆ.

ನನ್ನ ತಮ್ಮನೂ ಸಿಡಿಗಳ ಮೇಲೆ ನೀಲಿ ಪೆನ್ನಿನಲ್ಲಿಯೇ ಬರೆಯುತ್ತಿದ್ದ. ಅವನು ತೀರಿಕೊಂಡು ಎಂಟು ವರ್ಷವಾಯಿತು. ಅವನಿಗೆ ನಾನು ಮಾಡಿದ ಒಂದು ಅನ್ಯಾಯವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಾನು ನಾಲ್ಕನೆಯ ಇಯತ್ತೆವರೆಗೆ ಮಾತ್ರ ಸಾಲಿಗೆ ಹೋದವಳು. ಬರೆಯುವ ರೂಢಿ ಇಲ್ಲ. ಬಂದ ಹಾಗೆ ಬರೆಯುತ್ತೇನೆ.

ಅವ್ವ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮ ಆಗ ಕೈಕೂಸು. ಅವನನ್ನು ನೋಡಿಕೊಳ್ಳಲೆಂದೇ ನನ್ನನ್ನು ಸಾಲಿ ಬಿಡಿಸಿದರು. ನನಗೆ ಅದರ ಬೇಸರವಿರಲಿಲ್ಲ. ಚರ್ಚಿನ ತರಗತಿಯಲ್ಲಿ ಹೊಲಿಗೆ ಮಿಶನ್ ಓಡಿಸಲು ಕಲಿತೆ. ಅವ್ವ ಹೋದ ಮೇಲೆ ಅದೇ ಮಿಶನ್ನಿನಿಂದ ಅವನನ್ನು ಓದಿಸಿದೆ, ಬೀದರಿಗೆ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದೆ. ಕಲಿತು ಬಂದು ಅವನು ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದ. ಅರ್ಧ ನನ್ನ ಹೊಲಿಗೆ, ಅರ್ಧ ಅವನ ಕಂಪ್ಯೂಟರ್. ಮೇಜು ಮಾತ್ರ ಒಂದೇ. ಯಾವುದೋ ಹಳೆ ಮನೆಯ ಬಾಗಿಲ ಹಲಗೆ ತಂದು, ನಾಲ್ಕು ಕಾಲು ಹಚ್ಚಿ, ಗೋಡೆಯಿಂದ ಗೋಡೆಗೆ ಇಟ್ಟಿದ್ದ. ಈ ತುದಿಗೆ ನನ್ನ ಮಿಶನ್, ಆ ತುದಿಗೆ ಅವನ ಕಂಪ್ಯೂಟರಿನ ಪೆಟ್ಟಿಗೆ. ನನ್ನ ಮೊಣಕಾಲು ನೋಯುತ್ತವೆ ಅಂತ ಮಿಶನ್ನಿಗೆ ಮೋಟಾರು ಕೂಡಿಸಿದವನೂ ಅವನೇ.

ಆಗ ಎಲ್ಲರಿಗೂ ಸಿಡಿ ಬೇಕಾಗಿತ್ತು. ಮದುವೆ ಫೋಟೊ, ಹಾಡು, ಸರ್ಕಾರಿ ಆಫೀಸಿನ ಕಾಗದಪತ್ರ, ಎಲ್ಲವನ್ನೂ ಸಿಡಿಗೆ ಹಾಕಿಸಿಕೊಳ್ಳಲು ಬರುತ್ತಿದ್ದರು. ಬೇರೆ ಅಂಗಡಿಗಳಲ್ಲಿ ಐದು ನಿಮಿಷಕ್ಕೆ ಒಂದರಂತೆ ತೆಗೆದುಕೊಡುತ್ತಿದ್ದರು. ಮನೆಗೆ ಹೋಗಿ ಹಾಕಿ ನೋಡಿದರೆ ಅರ್ಧಕ್ಕೆ ನಿಲ್ಲುತ್ತಿದ್ದವು. ನನ್ನ ತಮ್ಮನವು ನಿಲ್ಲುತ್ತಿರಲಿಲ್ಲ. ಅವನಿಗೆ ಆ ಕೆಲಸದ ಬಗ್ಗೆ ಒಂದು ನಮೂನೆ ಹೆದರಿಕೆ ಇತ್ತು. ಪೆಟ್ಟಿಗೆಯ ಮೇಲೆ ಐವತ್ತೆರಡು ಪಟ್ಟು ವೇಗ ಅಂತ ಬರೆದಿದ್ದರೂ ಅವನು ನಾಲ್ಕು, ಹೆಚ್ಚೆಂದರೆ ಎಂಟು ಇಡುತ್ತಿದ್ದ. ಬೇರೆಯವರ ಸಿಡಿಯಿಂದ ನೇರವಾಗಿ ಇನ್ನೊಂದಕ್ಕೆ ಇಳಿಸುತ್ತಿರಲಿಲ್ಲ, ಮೊದಲು ಕಂಪ್ಯೂಟರಿನೊಳಗೆ ತುಂಬಿಕೊಂಡು, ಅಲ್ಲಿಂದ ಇಳಿಸುತ್ತಿದ್ದ. ರೈಟ್ ಮಾಡುವಾಗ, ಅಂದರೆ ಸಿಡಿಗೆ ಇಳಿಸುವಾಗ, ಹಾಡು ಬಂದ್, ಆಟ ಬಂದ್, ತಾನಾಗಿ ಓಡುವ ಸ್ಕ್ರೀನ್ ಸೇವರ್ ಕೂಡ ಬಂದ್. ಮೌಸಿನ ಮೇಲೆ ಕೈ ಇಡುತ್ತಿರಲಿಲ್ಲ. ಮುಗಿದ ಮೇಲೆ ಸಿಡಿಯನ್ನು ಬೇರೆ ಪ್ಲೇಯರಿಗೆ ಹಾಕಿ ಮೊದಲಿನಿಂದ ಕೊನೆಯವರೆಗೆ ಕೇಳಿ, ಆಮೇಲೆಯೇ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸುತ್ತಿದ್ದ. ಆಗಿನ ಹಾರ್ಡ್ ಡಿಸ್ಕ್ ಸಣ್ಣದು, ಅಳಿಸದಿದ್ದರೆ ಮುಂದಿನ ಕೆಲಸಕ್ಕೆ ಜಾಗ ಇರುತ್ತಿರಲಿಲ್ಲ.

"ಇಷ್ಟ್ಯಾಕ ಅಂಜತೀ?" ಅಂತ ಒಮ್ಮೆ ಕೇಳಿದ್ದೆ.

"ನಿನ್ನ ಮಿಶನ್‌ದಾಗ ದಾರ ಕಡಿದ್ರ ಮತ್ತ ಪೋಣಿಸಿ ಹೊಲೀತಿ," ಅಂದಿದ್ದ. "ಇದರಾಗ ಒಮ್ಮಿ ಕಡೀತಂದ್ರ ದಾರ ಅಲ್ಲಕ್ಕಾ, ಬಟ್ಟಿನೇ ಹೋಗ್ತದ."

ಮೇಜು ಒಂದೇ ಆದ್ದರಿಂದ ನನ್ನ ಮಿಶನ್ ಓಡಿದರೆ ಅವನ ಪೆಟ್ಟಿಗೆ ನಡುಗುತ್ತಿತ್ತು. ಮೋಟಾರು ಶುರುವಾದರೆ ಬಲ್ಬು ಒಂದು ಗಳಿಗೆ ಮಂಕಾಗುತ್ತಿತ್ತು. ಅದಕ್ಕೆ ಅವನು ಒಂದು ರೂಢಿ ಮಾಡಿದ್ದ. ರೈಟಿಂಗ್ ಶುರು ಮಾಡುವ ಮುಂಚೆ ಎದ್ದು ಬಂದು, ನನ್ನ ಬುಟ್ಟಿಯಿಂದ ಒಂದು ಕೆಂಪು ಚಿಂದಿ ತೆಗೆದು, ಮಿಶನ್ನಿನ ಚಕ್ರಕ್ಕೆ ಗಂಟು ಹಾಕುತ್ತಿದ್ದ. ಸಿಡಿ ಹೊರಗೆ ಬಂದ ಮೇಲೆ ತಾನೇ ಬಂದು ಬಿಚ್ಚುತ್ತಿದ್ದ. ಅಲ್ಲಿಯವರೆಗೆ ನಾನು ಗುಂಡಿ ಹಚ್ಚುತ್ತ, ಹೆಮ್ಮಿಂಗ್ ಮಾಡುತ್ತ ಕೂರಬೇಕು. ಒಂದು ದಿನ ಹಾಲು ಮಾರುವ ಕಾಕಾ ಬಾಗಿಲಲ್ಲಿ ನಿಂತು, "ಏನಪಾ, ಒಳಗ ಆಪರೇಷನ್ ನಡದದೇನು? ಅಕ್ಕ ತಮ್ಮ ಇಬ್ಬರೂ ಉಸಿರು ಹಿಡದು ಕೂತೀರಲ್ಲ!" ಅಂದ. ತಮ್ಮ ತಿರುಗಿ ನೋಡದೆ, "ಹೌದು ಕಾಕಾ, ಹೊಟ್ಟಿ ಬಿಚ್ಚೇವಿ. ಕೆಮ್ಮಬ್ಯಾಡ್ರಿ," ಅಂದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ, ಮೇಜು ಅಲುಗಾಡದ ಹಾಗೆ...

ಔರಾದಿನ ಮಾಸ್ತರು ಬಂದದ್ದು ಒಂದು ಡಿಸೆಂಬರಿನಲ್ಲಿ. ರಿಟೈರಾದ ಸಾಲಿ ಮಾಸ್ತರು. ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟ್ಟನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟರು. ಅವರ ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಕೆ ಡೋಲಕ್ ಬಾರಿಸಿ ಹಾಡುತ್ತಿದ್ದರಂತೆ, ತಾನೇ ಕಟ್ಟಿದ ಹಾಡುಗಳು. ಯಾರೂ ಬರೆದಿಟ್ಟಿರಲಿಲ್ಲ. ಮನೆಯಲ್ಲಿ ಕೂತು ಹಾಡಿದ್ದನ್ನು ಒಮ್ಮೆ ಟೇಪಿನಲ್ಲಿ ಹಿಡಿದಿದ್ದರು, ಹನ್ನೊಂದು ಹಾಡು. ವರ್ಷದ ಪ್ರಾರ್ಥನೆಯ ದಿನ ಎಲ್ಲರ ಮುಂದೆ ಅದನ್ನು ಕೇಳಿಸಬೇಕು ಅನ್ನುವುದು ಅವರ ಆಸೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು.

"ಸರ್, ಇದು ಒಂದೇ ಸಲ ಓಡ್ತದ್ರಿ," ಅಂದ ತಮ್ಮ. "ಅಷ್ಟರಾಗ ನಾ ಕಂಪ್ಯೂಟರ್‌ಗೆ ತಗೋತೇನಿ. ಆಮ್ಯಾಲ ಟೇಪು ಉಳೀತದಂತ ಹೇಳಾಕಾಗಲ್ಲ."

ಮಾಸ್ತರು ಕ್ಯಾಸೆಟ್ಟನ್ನು ಅವನ ಕಡೆ ಸರಿಸಿದರು. "ನಿನ್ನ ಕೈಯಾಗ ಕೊಟ್ಟೇನಿ," ಅಂದರು. ಅಷ್ಟೇ.

ಅವನು ಹೇಳಿದಂತೆಯೇ ಆಯಿತು. ಹಾಡುಗಳು ಕಂಪ್ಯೂಟರಿಗೆ ಬಂದವು, ಟೇಪು ಮಾತ್ರ ಒಳಗೆ ಅಂಟಿಕೊಂಡು ಏಳೆಂಟು ಕಡೆ ತುಂಡಾಯಿತು. ಅವತ್ತಿನಿಂದ ಆ ಹೆಣ್ಣುಮಗಳ ದನಿ ಇಡೀ ಲೋಕದಲ್ಲಿ ನಮ್ಮ ಹಲಗೆಯ ಮೇಲಿನ ಆ ಪೆಟ್ಟಿಗೆಯಲ್ಲಿ ಮಾತ್ರ ಇತ್ತು.

ರೈಟ್ ಮಾಡುವ ದಿನ ತಮ್ಮ ಬೀದರಿಗೆ ಹೋಗಲೇಬೇಕಾಯಿತು, ರಿಪೇರಿಗೆ ಕೊಟ್ಟಿದ್ದ ಪ್ರಿಂಟರ್ ತರಬೇಕಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಹೋಗುವ ಮುಂಚೆ ನಾಲ್ಕರ ವೇಗಕ್ಕೆ ಇಟ್ಟು, ಚಕ್ರಕ್ಕೆ ಚಿಂದಿ ಕಟ್ಟಿದ. "ಅಕ್ಕ, ಕಾಲು ತಾಸು ಆಗ್ತದ. ಹೊರಗ ಬಂದ ಮ್ಯಾಲ ನೀನೇ ಚಿಂದಿ ಬಿಚ್ಚು. ಆ ಪ್ಲೇಯರ್‌ಗೆ ಹಾಕಿ ಹನ್ನೊಂದೂ ಹಾಡು ಕೇಳು. ಒಂದೂ ಬಿಡಬ್ಯಾಡ." ಬಾಗಿಲಿನಿಂದ ತಿರುಗಿ ಬಂದು ಗಂಟನ್ನು ಇನ್ನೊಮ್ಮೆ ಎಳೆದು ನೋಡಿ ಹೋದ.

ಕ್ರಿಸ್ಮಸ್ ಹತ್ತಿರ ಬಂದಿತ್ತು, ಮದುವೆಗಳೂ ಇದ್ದವು. ನನ್ನ ಬುಟ್ಟಿ ತುಂಬಿ ನೆಲದ ಮೇಲೆಲ್ಲ ಬಟ್ಟೆ. ಅವನು ಹೋಗಿ ಎರಡು ನಿಮಿಷವಾಗಿತ್ತೋ ಇಲ್ಲವೋ, ಹಳ್ಳಿಯಿಂದ ಮದುವೆ ಹುಡುಗಿಯ ಅತ್ತಿಗೆ ಬಂದು ನಿಂತಳು. ಮರುದಿನ ಮದುವೆ. ಹುಡುಗಿಯ ಕುಪ್ಪಸಕ್ಕೆ ತೋಳು ಕೂಡಿಸುವುದು ಉಳಿದಿತ್ತು.

"ಅಕ್ಕಾ, ಬಸ್ ಹೋಗ್ತದ್ರಿ. ಬರೇ ಎರಡು ತೋಳು ಅವಲ್ಲ. ನಾಳೆ ಹುಡುಗಿ ಏನು ಟಾವೆಲ್ ಹೊದ್ಕೊಂಡು ಕೂಡಬೇಕೇನು?"

ಕಾಲು ತಾಸು ಕಾಯಿರಿ ಅಂದೆ. ಅವಳು ಗಡಿಯಾರ ನೋಡಿದಳು, ರಸ್ತೆ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಅವಳ ಗಾಬರಿ ನನಗೂ ಹತ್ತಿತು. ಪೆಟ್ಟಿಗೆಯ ಸಣ್ಣ ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು. ಎರಡು ತೋಳಿಗೆ ಎಷ್ಟು ಹೊತ್ತು ಬೇಕು, ನಾಲ್ಕು ನಿಮಿಷ... ಮೆಲ್ಲಗೆ ಓಡಿಸಿದರೆ ಏನಾಗುತ್ತದೆ, ಇವನು ಎಲ್ಲದಕ್ಕೂ ಅಂಜುತ್ತಾನೆ... ಹೀಗೆ ಅಂದುಕೊಳ್ಳುತ್ತಲೇ ನಾನು ಆ ಗಂಟು ಬಿಚ್ಚಿದೆ. ಮರೆತು ಬಿಚ್ಚಲಿಲ್ಲ. ಗೊತ್ತಿದ್ದು ಬಿಚ್ಚಿದೆ. ಮೋಟಾರು ಒತ್ತಿದಾಗ ಬಲ್ಬು ಮಂಕಾಯಿತು, ಹಲಗೆ ನಡುಗಿತು. ಮೊದಲ ತೋಳು ಮುಗಿಯುವಾಗ ಕಂಪ್ಯೂಟರಿನ ಕಡೆ ನೋಡಿದೆ. ದೀಪ ಮಿಣುಕುತ್ತಲೇ ಇತ್ತು. ಧೈರ್ಯ ಬಂದು ಎರಡನೆಯದನ್ನೂ ಹೊಲಿದೆ.

ಸಿಡಿ ತಾನಾಗಿ ಹೊರಗೆ ಬಂತು. ಪರದೆಯ ಮೇಲೆ ತಕರಾರು ಏನೂ ಇರಲಿಲ್ಲ. ಪ್ಲೇಯರಿಗೆ ಹಾಕಿದೆ. ಮೊದಲ ಹಾಡು ಬಂತು, ಎರಡನೆಯದು ಬಂತು, ಎಷ್ಟು ಸ್ವಚ್ಛವಾದ ದನಿ! ಮೂರನೆಯದಕ್ಕೆ ಮತ್ತೆ ಗಿರಾಕಿಗಳು ಬಂದರು. ಮಿಶನ್ನಿನ ಸದ್ದಿನಲ್ಲಿ ಹಾಡು ಕೇಳಿಸುತ್ತಿರಲಿಲ್ಲ. ಆಮೇಲೆ ಕೇಳಿದರಾಯಿತು ಅಂತ ಪ್ಲೇಯರ್ ಬಂದ್ ಮಾಡಿದೆ. ಆ ಆಮೇಲೆ ಬರಲಿಲ್ಲ. ತಮ್ಮ ಬರುವ ಹೊತ್ತಿಗೆ ನಾನು ಇನ್ನೂ ಹೊಲಿಯುತ್ತಲೇ ಇದ್ದೆ.

"ಪೂರಾ ಕೇಳಿದೇನಕ್ಕಾ?"

"ಹೂಂ."

"ಹನ್ನೊಂದೂ?"

"ಹನ್ನೊಂದೂ."

"ಕಡೀ ಹಾಡು ಮುಗಿಯೂ ಮುಂದ ಅವರು ನಗ್ತಾರಲ್ಲ, ಎಷ್ಟು ಛಂದ ಅದ ಹೌದಿಲ್ಲೋ?"

"ಭಾಳ ಛಂದ ಅದ," ಅಂದೆ.

ನಾನು ಆ ನಗು ಕೇಳಿರಲೇ ಇಲ್ಲ. ಅವನು ಸಿಡಿಯ ಮೇಲೆ ನೀಲಿ ಪೆನ್ನಿನಿಂದ ಆಕೆಯ ಹೆಸರು ಬರೆದ. ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನು ಅಳಿಸಿದ. ಆ ವಾರ ಆ ಖಾಲಿ ಜಾಗದಲ್ಲಿ ಮೂರು ಮದುವೆಯ ಫೋಟೊ ತುಂಬಿದ.

ಪ್ರಾರ್ಥನೆಯ ದಿನ ಇಬ್ಬರೂ ಔರಾದಿಗೆ ಹೋದೆವು. ಚರ್ಚಿನ ಹಾಲ್ ತುಂಬಿತ್ತು. ಸಿಡಿ ಹಾಕಿದರು. ಮೊದಲ ಹಾಡಿಗೆ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾಸ್ತರು ಕಣ್ಣು ಮುಚ್ಚಿ, ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದರು. ನಾಲ್ಕನೆಯ ಹಾಡು ಶುರುವಾಯಿತು. ನಡುವೆ ಖರ್ ಖರ್ ಅಂತ ಸದ್ದು. ಒಂದು ಮಾತು ನಾಲ್ಕು ಸಲ ತುಂಡು ತುಂಡಾಗಿ ಬಂತು. ಆಮೇಲೆ ಏನೂ ಇಲ್ಲ... ತಮ್ಮ ಎದ್ದು ಓಡಿದ. ತೆಗೆದು ಒರೆಸಿ ಹಾಕಿದ. ಐದನೆಯದಕ್ಕೆ ಒತ್ತಿದ, ಆರನೆಯದಕ್ಕೆ ಒತ್ತಿದ. ಯಾರೋ ಮನೆಗೆ ಹೋಗಿ ಬೇರೆ ಪ್ಲೇಯರ್ ತಂದರು. ಅದರಲ್ಲಿಯೂ ಅಷ್ಟೇ. ನಾನು ಹೆಂಗಸರ ನಡುವೆ ಕೂತಿದ್ದೆ.

ಮಾಸ್ತರು ಮೊದಲು ಸಿಟ್ಟು ಮಾಡಲಿಲ್ಲ. ಸಾಲಿಯಲ್ಲಿ ಹುಡುಗರಿಗೆ ಲೆಕ್ಕ ಕೇಳುವಂತೆ ಕೇಳಿದರು. "ಹನ್ನೊಂದು ಕೊಟ್ಟಿದ್ದೆನಲ್ಲೋ. ಮೂರು ತಂದೀ. ಎಂಟು ಎಲ್ಲಿಟ್ಟೀ?"

ತಮ್ಮ ಸಿಡಿಯನ್ನು ಮತ್ತೆ ಒರೆಸುತ್ತಿದ್ದ. "ಕಂಪ್ಯೂಟರ್‌ದಾಗ ಅವ ಇಲ್ಲೋ?" ಅಂದರು. ಅಳಿಸಿದೆ ಅಂದ. ಆಗ ಅವರ ದನಿ ಏರಿತು. "ಬೇಪರ್ವಾ! ನಿನ್ನಂಥ ಕಾಳಜಿಯಿಲ್ಲದ ಬೇಪರ್ವಾ ಮನಷ್ಯಾನ ಕೈಯಾಗ ನನ್ನ ಹೆಂಡತಿ ದನಿ ಕೊಟ್ಟೆನಲ್ಲ!"

ತಮ್ಮ ಒಂದು ಸಲ, ಒಂದೇ ಸಲ, ಹೆಂಗಸರ ಕಡೆ ನೋಡಿದ. ನಾನು ಎದ್ದು ನಿಲ್ಲಬೇಕಿತ್ತು. ನಾಲ್ಕು ಮಾತು ಹೇಳಬೇಕಿತ್ತು. ನಾನು ಕೈಯಲ್ಲಿದ್ದ ಹಾಡಿನ ಪುಸ್ತಕ ನೋಡುತ್ತ ಕೂತೆ.

"ತಪ್ಪು ನಂದೇ ಸರ್. ನಾನೇ ಕೂತು ಕೇಳಬೇಕಿತ್ತು," ಅಂದ ಅವನು.

ವಾಪಸ್ ಬರುವಾಗ ಬಸ್ಸು ಸಂತಪೂರ ದಾಟುವವರೆಗೆ ತಮ್ಮ ಕಿಟಕಿಯ ಆಚೆಯೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಅಕ್ಕ, ಖರೇನೇ ಪೂರಾ ಕೇಳಿದ್ದೀಯಲ್ಲ?" ಅವನ ದನಿಯಲ್ಲಿ ಸಂಶಯ ಇರಲಿಲ್ಲ. ಏನಾಯಿತು ಅಂತ ಹುಡುಕುತ್ತಿದ್ದ, ಅಷ್ಟೇ. ಆಗಲಾದರೂ ಹೇಳಬಹುದಿತ್ತು. "ಕೇಳಿದ್ದೆ," ಅಂದೆ. "ಹಂಗಾದ್ರ ಹಾದ್ಯಾಗ ಏನರ ಆಗಿರಬೇಕು," ಅಂದ, ಮತ್ತೆ ಕಿಟಕಿಯ ಕಡೆ ತಿರುಗಿದ.

ಮರುದಿನವೇ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಬೀದರಿಗೆ ಹೋಗಿ, ಅಳಿಸಿದ್ದನ್ನು ತೆಗೆಯುತ್ತಾರೆ ಅಂತ ಹೆಸರಾದವರೊಬ್ಬರಿಗೆ ತೋರಿಸಿದ. ಅದೇ ಜಾಗದ ಮೇಲೆ ಮದುವೆಗಳು ಕೂತಿವೆ, ಇನ್ನು ಬರುವುದಿಲ್ಲ ಅಂದರಂತೆ. ಬಂದು ಊಟ ಮಾಡಲಿಲ್ಲ.

ಆಮೇಲೆ ಅವನ ಕೆಲಸವೇ ಬದಲಾಯಿತು. ಒಂದು ಸಿಡಿಯನ್ನು ಮೂರು ಸಲ ಕೇಳುತ್ತಿದ್ದ. ಗಿರಾಕಿ ಬಂದು ಬಾಗಿಲಲ್ಲಿ ನಿಂತರೂ, ಇನ್ನೊಮ್ಮೆ ನೋಡುತ್ತೇನೆ ತಡೀರಿ ಅನ್ನುತ್ತಿದ್ದ. ಕೆಲವರು ಬೇಸತ್ತು ಬೇರೆ ಅಂಗಡಿಗೆ ಹೋದರು. ಹಳೆ ಕ್ಯಾಸೆಟ್ ಯಾರಾದರೂ ತಂದರೆ ಕೈ ಮುಗಿದು ವಾಪಸ್ ಕಳಿಸುತ್ತಿದ್ದ. ರೈಟಿಂಗ್ ನಡೆದಾಗ ಅವನ ಹಣೆಯ ಮೇಲೆ ಬೆವರು ಬರುವುದನ್ನು ನಾನು ಈ ತುದಿಯಿಂದ ನೋಡುತ್ತಿದ್ದೆ. ಅವನು ಚಿಂದಿ ಕಟ್ಟಲು ಬಂದಾಗಲೆಲ್ಲ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವನು ನನ್ನನ್ನು ಹೇಗೆ ನೋಡಬಹುದು ಅನ್ನುವ ಹೆದರಿಕೆ. ಅವನಿಗೆ ತಾಯಿಯ ಜಾಗದಲ್ಲಿದ್ದವಳು ನಾನು. ಆ ಜಾಗ ಹೋದರೆ ನನಗೆ ಬೇರೆ ಏನಿತ್ತು? ಹೀಗೆ ದಿನ ಹೋದವು, ವರ್ಷ ಹೋದವು. ಪೆನ್ ಡ್ರೈವ್ ಬಂದವು, ಸಿಡಿ ಕೇಳುವವರು ಕಡಿಮೆಯಾದರು. ಅವನು ಖೋಲಿ ಬಿಟ್ಟು, ಬೀದರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ನಾನೂ ಅವನ ಜೊತೆ ಬೀದರಿಗೆ ಬಂದೆ.

ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದಾಗ, ಕೊನೆಯ ವಾರ, ಒಂದು ಮಧ್ಯಾಹ್ನ ಚೆನ್ನಾಗಿ ಮಾತಾಡಿದ. ಅವ್ವನ ಬಗ್ಗೆ, ಹಾಲಿನ ಕಾಕಾನ ಬಗ್ಗೆ. ನಡುವೆ, "ಅಕ್ಕ, ಆ ಔರಾದ ಸರ್‌ದು ಸಿಡಿ ಹ್ಯಾಂಗ ಕೆಡ್ತು ಅಂತ ನನಗ ಇನ್ನೂ ತಿಳೀವಲ್ದು. ನಾ ಎಲ್ಲಾ ಬರಾಬರ್ ಮಾಡಿದ್ದೆ," ಅಂದ.

ನಾನು ನೀರು ಕುಡಿಸಿದೆ. ಮಗ್ಗುಲು ಬದಲಿಸಿದೆ. ದಿಂಬು ಸರಿ ಮಾಡಿದೆ... ಹೇಳಲಿಲ್ಲ.

ಮೊದಲು ಹೇಳಿದ ಆ ಬಸ್ಸಿನಲ್ಲಿ ನಾನು ಔರಾದಿಗೆ ಹೋಗುತ್ತಿದ್ದದ್ದು ನಮ್ಮವರೊಬ್ಬರ ಮನೆಯ ಮದುವೆ ನಿಶ್ಚಯಕ್ಕೆ. ಇಳಿದವಳು ಅಲ್ಲಿಗೆ ಹೋಗದೆ ಮಾಸ್ತರ ಮನೆ ಕೇಳಿಕೊಂಡು ಹೋದೆ. ಇದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಇದ್ದರೆ ಏನು ಹೇಳಲಿ ಅನ್ನುವ ಹೆದರಿಕೆ, ಇಲ್ಲದಿದ್ದರೆ ಬದುಕಿದೆ ಅನ್ನುವ ನಾಚಿಕೆಗೇಡಿ ಆಸೆಯೂ ಇತ್ತು. ಅವರು ಇದ್ದರು. ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ತುಂಬ ಮುದುಕರಾಗಿದ್ದಾರೆ. ನಾನು ಯಾರ ಅಕ್ಕ ಅಂತ ಹೇಳಿದೆ. ಸೊಸೆ ಚಹಾ ತಂದಿಟ್ಟಳು. ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ, ಗಂಟು ಬಿಚ್ಚಿದ್ದು, ಕೇಳದೆ ಕೇಳಿದೆ ಅಂದದ್ದು, ಅವತ್ತು ಚರ್ಚಿನ ಹಾಲ್‌ನಲ್ಲಿ ಎದ್ದು ಹೇಳದೆ ಕೂತೇ ಇದ್ದದ್ದು.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದರೆ ಒಳ್ಳೆಯದು ಅನಿಸಿತ್ತು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದು ಅಂವ ಇದ್ದಾಗ ಹೇಳಬೇಕಿತ್ತಮ್ಮ," ಅಂದರು. "ನಾ ಅವಗ ಬೇಪರ್ವಾ ಅಂದೆ. ಮಂದಿ ಮುಂದ ಅಂದೆ. ಆ ಮಾತು ಈಗ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲಿ?"

ಹೇಳಿದರೆ ಹಗುರಾಗುತ್ತದೆ ಅಂತ ಬಂದಿದ್ದೆ. ನನ್ನ ಭಾರದಲ್ಲಿ ಅರ್ಧವನ್ನು ಆ ಮುದುಕರ ತಲೆಯ ಮೇಲೆ ಹೊರಿಸಿದಂತಾಯಿತು, ನನ್ನದು ಮಾತ್ರ ಅಷ್ಟೇ ಉಳಿಯಿತು. ಏಳುವಾಗ ಅವರು, "ಬರೂ ಐತವಾರ ಚರ್ಚಿಗೆ ಬಾ. ಅದೇ ಹಾಲ್ ಅದ," ಅಂದರು.

ಆ ವಾರ ನಾನು ಹೊಲಿದ ಬಟ್ಟೆಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ. ಹೋಗದೆ ಇದ್ದರೆ ಯಾರು ಕೇಳುತ್ತಾರೆ ಅಂತಲೂ ಅನಿಸಿತು. ಆದರೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಮಾಸ್ತರು ಬೆಂಚು ಹಿಡಿದು ಎದ್ದರು. "ಭಾಳ ವರ್ಷದ ಹಿಂದ ಇಲ್ಲೇ ನಿಂತು ಒಬ್ಬ ಹುಡುಗಗ ನಾ ಬೇಪರ್ವಾ ಅಂದಿದ್ದೆ. ಅವಂದು ತಪ್ಪಿರಲಿಲ್ಲ. ನಂದು ತಪ್ಪು," ಅಂದು ಕೂತರು. ನನ್ನ ಹೆಸರು ತೆಗೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಕೂತೇ ಇದ್ದರೆ ಮುಗಿದುಹೋಗುತ್ತಿತ್ತು.

ಈ ಸಲ ಎದ್ದೆ. ಬೆಂಚಿನ ಹಿಂಭಾಗ ಹಿಡಿದುಕೊಂಡಿದ್ದೆ. ತಪ್ಪು ಮಾಡಿದವಳು ನಾನು, ಅವನ ಅಕ್ಕ ಅಂದೆ. ಏನು ಮಾಡಿದೆ ಅಂತ ಹೇಳಿದೆ. ನಾಲ್ಕೈದು ಮುದುಕಿಯರು ತಲೆ ಅಲ್ಲಾಡಿಸಿದರು, ಅವರಿಗೆ ನೆನಪಿತ್ತು. ಅವತ್ತು ಆ ಮಾತು ಕೇಳಿದವರಲ್ಲಿ ಬಹಳ ಜನ ಈಗಿಲ್ಲ. ಮುಂದಿನ ಸಾಲಿನ ಸಣ್ಣ ಹುಡುಗಿಯರು ಯಾವ ಸಿಡಿ, ಯಾವ ಹಾಡು ಅಂತ ತಿಳಿಯದೆ ನನ್ನ ಮುಖ ನೋಡುತ್ತಿದ್ದರು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಒಬ್ಬ ಸೊಸೆಮಗಳು ಹತ್ತಿರ ಬಂದಳು. ಊರಿಗೆ ಹೊಸಬಳು, ಮಾತೆಲ್ಲ ಕೇಳಿ ಅವಳ ಕಣ್ಣು ಕೆಂಪಾಗಿದ್ದವು. ನನ್ನ ಕೈ ಹಿಡಿದು ಕೇಳಿದಳು, "ನಿಮ್ಮ ತಮ್ಮಗ ಈಗ ಸಮಾಧಾನ ಆಗಿರಬೇಕಲ್ರಿ ಅಕ್ಕಾ? ಎಲ್ಲಿರ್ತಾರ್ರಿ ಅವರು?"

ಇಲ್ಲಮ್ಮ, ಅಂವ ಇಲ್ಲ ಅಂದೆ.